ಬಾಯಲ್ಲಿ ಒಡೆಯದ ರೊಟ್ಟಿ

ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಗಂಡು ಹೆಣ್ಣು ನಾಯಿಗಳನ್ನು ಪ್ರಾಯಕ್ಕೆ ಬಂದ ಮೇಲೆ ಒಂದೇ ಅಂಗಳದಲ್ಲಿ ಕಟ್ಟಬಾರದು. ಸೋಮನಿಂಗನ ಅಜ್ಜ ಹಾಕಿದ ಕಟ್ಟಳೆ ಅದು. ಅಪ್ಪ ಅದನ್ನು ನಡೆಸಿದ, ಸೋಮನಿಂಗನೂ ಅರವತ್ತೆಂಟು ವರ್ಷದವರೆಗೆ ಮೀರಿರಲಿಲ್ಲ. ಈಗ ಅವನ ಅಂಗಳದ ಬೇವಿನ ಮರಕ್ಕೆ ಸರದಾರ ಎಂಬ ಗಂಡನ್ನೂ ಕೊಟ್ಟಿಗೆಯ ಗೂಟಕ್ಕೆ ಗೋಣಿ ಎಂಬ ಹೆಣ್ಣನ್ನೂ ಕಟ್ಟಿತ್ತು. ಗೋಣಿ ಬೆದೆಗೆ ಬರುವ ಮುಂಚೆ ಎರಡರಲ್ಲಿ ಒಂದು ಬೇರೆ ಮನೆ ಸೇರಬೇಕು. ಯಾವುದು ಉಳಿಯಬೇಕು, ಯಾವುದು ಹೋಗಬೇಕು?

ಹಿಂದೆ ಈ ಚಿಂತೆ ಅವನಿಗೆ ಬಂದದ್ದೇ ಇಲ್ಲ. ಮೊಲದ ಬೆನ್ನಿಗೆ ನಾಯಿ ಓಡಿಸುವುದು ಅವನ ಕೆಲಸ, ಆರಿಸುವುದು ಹೆಂಡತಿ ಹುಚ್ಚವ್ವನ ಕೆಲಸ. ಕಳೆದ ವರ್ಷ ಮಾಘದ ಭಾರತ ಹುಣ್ಣಿಮೆ ಆಗಿ ಮೂರನೆಯ ದಿನ ಹುಚ್ಚವ್ವ ತೀರಿಕೊಂಡಳು. ಆಗ ಈ ಮರಿಗಳಿಗೆ ಎರಡು ತಿಂಗಳು. ಯಾವುದನ್ನು ಇಟ್ಟುಕೊಳ್ಳಬೇಕೆಂದು ಹೇಳದೆಯೇ ಹೋಗಿಬಿಟ್ಟಳಲ್ಲ ಎಂದು ಸೋಮನಿಂಗ ಇಡೀ ವರ್ಷ ಮನಸ್ಸಿನಲ್ಲೇ ಕೊರಗಿದ್ದ. ಸೋಮವಾರಕ್ಕೊಮ್ಮೆ ಸಾಲೋಟಗಿಯ ಗುಡಿಗೆ ಹೋಗಿ ಕಾಯಿ ಒಡೆಸುವಾಗಲೂ ಅವನು ದೇವರನ್ನು ಕೇಳುತ್ತಿದ್ದುದು ಇದೊಂದೇ.

ತಾಂಬಾದಿಂದ ಎರಡು ಮೈಲಿ ಈಚೆ, ಹಳ್ಳದ ದಂಡೆಯ ಹೊಲದಲ್ಲೇ ಅವರ ಮನೆ. ಮಗ ಕಾಂತು ತಾಂಬಾದ ಬಜಾರದಲ್ಲಿ ಸುಟ್ಟ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುತ್ತಾನೆ. ಸೊಸೆ ಕಾವೇರಿ ಸರಕಾರಿ ಶಾಲೆಯ ಬಿಸಿಯೂಟದ ಅಡುಗೆಯವಳು. ಮೊಮ್ಮಗಳು ರಾಜಶ್ರೀ ಒಂಬತ್ತನೆಯ ಇಯತ್ತೆ. ಬೆಳಿಗ್ಗೆ ಎಂಟಕ್ಕೆ ಮೂವರೂ ಹೊರಬಿದ್ದರೆ ಇಳಿಹೊತ್ತಿನತನಕ ಆ ಹೊಲದಲ್ಲಿ ಸೋಮನಿಂಗ, ಎರಡು ನಾಯಿ, ಗೋಡೆಯ ಮೇಲೆ ಹುಚ್ಚವ್ವನ ಫೋಟೋ. ಮಾತನಾಡಬೇಕೆನಿಸಿದರೆ ನಾಯಿಗಳೊಡನೆ ಆಡಬೇಕು.

ಪೇಟೆಯವರು ಮುಧೋಳ ನಾಯಿ ಎಂದರೆ ಬಾಯಿ ತೆರೆದು ನಿಲ್ಲುತ್ತಾರೆ. ಸೋಮನಿಂಗ ಜಾತಿ ನಾಯಿಯನ್ನು ಹೀಗಳೆಯುವವನಲ್ಲ. ಬಯಲಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ. ಆದರೆ ಅದು ಕಣ್ಣಿನ ನಾಯಿ. ಮೊಲ ಕಂಡರೆ ಬಾಣ, ಕಾಣದಿದ್ದರೆ ಕಂಬ. ಮೊಲ ಜಾಲಿಯ ಕಂಟಿ ಹೊಕ್ಕರೆ ಹೊರಗೆ ನಿಂತು ಅತ್ತಿತ್ತ ನೋಡುತ್ತದೆ. ತೊಗಲು ತೆಳುವು, ಮುಳ್ಳಿಗೆ ಹರಿಯುತ್ತದೆ. ಅಂಗಾಲು ಮೆತ್ತಗೆ, ತೊಗರಿ ಕೊಯ್ದ ಕೂಳೆ ಚುಚ್ಚುತ್ತದೆ. ಅದಕ್ಕೆ ಅವರ ಮನೆತನದಲ್ಲಿ ನಾಯಿಗಳ ಮೂರು ತಲೆಮಾರಿಗೊಮ್ಮೆ ಮುಧೋಳದ ಹೆಣ್ಣಿಗೆ ಕುರಿಹಟ್ಟಿಯ ಒರಟು ಗಂಡನ್ನು ಕೂಡಿಸುತ್ತಿದ್ದರು. ತಾಯಿಯ ಕಾಲು, ತಂದೆಯ ಮೂಗು. ಹೀಗೆ ಹುಟ್ಟಿದ್ದಕ್ಕೆ ಬೆರಕಿ ಎನ್ನುತ್ತಾರೆ. ಬೆರಕಿಯಲ್ಲೂ ಎಲ್ಲವೂ ಒಂದೇ ಅಲ್ಲ. ಸರದಾರ ಪೂರಾ ತಾಯಿಯನ್ನು ಹೋಲುತ್ತಿದ್ದ: ಎತ್ತರ, ಸಣ್ಣ ನಡು, ಹಾಲಿನ ಬಣ್ಣ. ಗೋಣಿ ತಂದೆಯನ್ನು ಹೋಲುತ್ತಿತ್ತು: ಮೈತುಂಬ ಒರಟು ಕೂದಲು, ಅಗಲ ಪಾದ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಹರಿದ ಗೋಣಿಚೀಲದಂತಿದೆ ಎಂದು ರಾಜಶ್ರೀ ಇಟ್ಟ ಹೆಸರು ಅದು.

ಅಜ್ಜನ ಕಾಲದ ಬೇಟೆ ಈಗ ಇಲ್ಲ. ಕಾಯದೆ ಬಿಡುವುದಿಲ್ಲ, ಸೋಮನಿಂಗ ತಾನೇ ಎಂಟು ವರ್ಷದ ಹಿಂದೆ ಜೀವ ತೆಗೆಯುವುದಿಲ್ಲವೆಂದು ದೇವರ ಮುಂದೆ ಆಣೆ ಇಟ್ಟಿದ್ದ. ಉಳಿದದ್ದು ವರ್ಷಕ್ಕೊಂದು ಮೊಲ. ಎಳ್ಳ ಅಮವಾಸ್ಯೆಯ ದಿನ ಹೊಲಕ್ಕೆ ಎಡೆಯ ಚರಗ ಚೆಲ್ಲಿ, ಕಡಲೆಯ ಬೆಳೆ ಕಾಯಿ ಹಿಡಿಯುವ ಹೊತ್ತಿಗೆ ನಾಯಿ ಹಿಡಿದ ಮೊದಲ ಮೊಲ ಜೀವಂತವಾಗಿ ಮನೆಯಾಕೆಯ ಉಡಿಗೆ ಬೀಳಬೇಕು. ಅವಳು ಅದರ ಹಣೆಗೆ ಅರಿಷಿಣ ಹಚ್ಚಿ, ತನಗೊಬ್ಬಳಿಗೇ ಗೊತ್ತಿರುವ ಜಾಗದಲ್ಲಿ ಬಿಟ್ಟು ಬರಬೇಕು. ಗಂಡಸರು ಹಿಂದೆ ಹೋಗುವಂತಿಲ್ಲ, ಕಣ್ಣೆತ್ತಿ ನೋಡುವಂತೆಯೂ ಇಲ್ಲ. ಹುಚ್ಚವ್ವ ನಲವತ್ತೈದು ವರ್ಷ ಹಾಗೆ ಬಿಟ್ಟು ಬಂದಿದ್ದಳು.

ಆದ್ದರಿಂದ ಈ ಮನೆಯ ನಾಯಿಗೆ ಕಾಲಿಗಿಂತ ಬಾಯಿ ಮುಖ್ಯ. ಹಿಡಿಯಬೇಕು, ಕಚ್ಚಬಾರದು. ಅದನ್ನು ತಿಳಿಯಲು ಹುಚ್ಚವ್ವ ಕಡಕ್ ರೊಟ್ಟಿ ಮಾಡುತ್ತಿದ್ದಳು. ಬಿಸಿಲಿಗೆ ಹಿಡಿದರೆ ಆಚೆಯ ಬೆರಳು ಕಾಣಬೇಕು, ಅಷ್ಟು ತೆಳುವು. ಕೊಟ್ಟಿಗೆಯ ಹತ್ತಿರ ಮರಿಯ ಬಾಯಿಗೆ ಅದನ್ನು ಕೊಟ್ಟು, ತಾನು ಹೊಸ್ತಿಲಲ್ಲಿ ಕುಳಿತು ಕರೆಯುತ್ತಿದ್ದಳು. ಯಾವ ಮರಿ ರೊಟ್ಟಿಯನ್ನು ಒಡೆಯದೆ ತಂದು ಅಂಗೈಯಲ್ಲಿ ಇಡುತ್ತದೋ ಅದು ಈ ಮನೆಯದು. ಮಿಕ್ಕವು ಮಂದಿಯ ಮನೆಗೆ.

ಎಳ್ಳ ಅಮವಾಸ್ಯೆಗೆ ನಾಲ್ಕು ದಿನ ಇರುವಾಗ ಸೋಮನಿಂಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಕಾವೇರಿ, ಎರಡು ಕಡಕ್ ರೊಟ್ಟಿ ಬೇಕಾಗಿದ್ವು."

"ಈಗ ಊಟ ಮಾಡ್ತೀರೇನ್ರಿ ಮಾವಾ?"

"ನನಗಲ್ಲ. ನಾಯಿಗೆ."

ಹಿಟ್ಟಿನ ಮೇಲೆ ಕಾವೇರಿಯ ಕೈ ನಿಂತಿತು. "ಎಂಟೂವರಿಗೆ ಸಾಲ್ಯಾಗ ಇರಬೇಕ್ರಿ ನಾನು. ನೂರಾ ಹತ್ತು ಹುಡುಗರ ಅನ್ನ ಐತಿ. ಇವ ಮೆತ್ತನ್ನ ರೊಟ್ಟಿ ಅದಾವ ನೋಡ್ರಿ, ಬೇಕಿದ್ರ ಒಯ್ರಿ."

ಅವನು ಎರಡು ಒಯ್ದ. ರಾಜಶ್ರೀ ನಾಯಿಗಳನ್ನು ಹಿಡಿದುಕೊಂಡಳು. ಸರದಾರ ರೊಟ್ಟಿಯನ್ನು ಒಂದೇ ತುತ್ತಿಗೆ ನುಂಗಿ ಇನ್ನೊಂದಕ್ಕೆ ಬಾಲ ಬಡಿದ. ಗೋಣಿ ಮೂಸಿ ನೋಡಿತು, ಅಡುಗೆಮನೆಯ ಕಡೆ ಒಮ್ಮೆ ನೋಡಿತು, ಆಮೇಲೆ ತಿಂದಿತು.

"ಇವೇನ ರೊಟ್ಟಿ!" ಎಂದ ಸೋಮನಿಂಗ. "ಚಪ್ಪಲಿ ಅಟ್ಟಿ ಇದ್ದಂಗ ಅದಾವು. ಆಕಿ ರೊಟ್ಟಿ ಆಕಿ ಜೋಡಿನ ಹೋತು."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಸುರುವಾಯಿತು.

"ಮುತ್ಯಾ, ಅವ್ವಗ ಕೇಳಿಸ್ತು," ಎಂದಳು ರಾಜಶ್ರೀ.

"ಕೇಳ್ಲಿ. ಸುಳ್ಳೇನ ಹೇಳೇನಿ ನಾ?"

ಅಂದು ಸಂಜೆ ಊಟಕ್ಕೆ ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಕಾವೇರಿ ಮಾವನ ತಾಟಿಗೆ ರೊಟ್ಟಿ ಹಾಕಿ ಸರಿದಳು. ದಿನಾಲೂ "ಇನ್ನೊಂದು ಹಾಕಲೇನ್ರಿ" ಎನ್ನುವವಳು ಅಂದು ಅನ್ನಲಿಲ್ಲ.

"ಯಪ್ಪಾ, ಸರದಾರನ್ನ ಇಟ್ಕೋ," ಎಂದ ಕಾಂತು. "ನಾಕು ಮಂದಿ ನಿಂತು ನೋಡ್ತಾರ. ಆ ಗೋಣಿ ಅಂದ್ರ ಚೀಲಕ್ಕ ಕಾಲು ಬಂದಂಗ ಐತಿ."

"ಚೀಲದಾಗನ ಕಾಳ ಇರ್ತಾವು," ಎಂದಳು ಕಾವೇರಿ ಒಲೆಯ ಕಡೆ ಮುಖ ಮಾಡಿಯೇ.

"ಆಪರೇಶನ್ ಮಾಡಿಸಿ ಎರಡೂ ಇಟ್ಕೊಳ್ಳೂನಲಾ ಮುತ್ಯಾ? ಇಂಡಿ ದವಾಖಾನ್ಯಾಗ ಮಾಡ್ತಾರಂತ," ಎಂದಳು ರಾಜಶ್ರೀ.

"ಮಾಡಿಸಿದ್ರ ನಮ್ಮ ತಳಿ ಅಲ್ಲಿಗೇ ಮುಗೀತು, ಹುಚ್ಚಿ."

"ಮುಗೀಲಿ ಬಿಡು," ಎಂದ ಕಾಂತು. "ಮೊಲ ಹಿಡದ್ರ ಕೇಸ ಆಕ್ಕೈತಿ ಯಪ್ಪಾ. ಊರ ತುಂಬ ಮೊಬೈಲ ಅದಾವು."

"ಹಿಡದು ಬಿಡೂದಪಾ ನಾವು. ಕೊಲ್ಲತೇವೇನು?"

"ಹಿಡದದ್ದನ್ನ ಮಂದಿ ನೋಡ್ತಾರ. ಬಿಟ್ಟದ್ದನ್ನ ಯಾರು ನೋಡ್ಯಾರ?"

"ದೇವರು ನೋಡ್ತಾನ." ಸೋಮನಿಂಗ ಮಜ್ಜಿಗೆ ಕುಡಿದು ತಾಟು ಸರಿಸಿದ. "ಆಕಿ ವರ್ಷದ ದಿನದೊಳಗ ಮೊದಲ ಮೊಲ ಬರಬೇಕು. ಈ ಒಂದು ವರ್ಷ ನಡಿಲಿ. ಆಕಿ ಫೋಟೋದ ಮುಂದ ಹಿಡದು ನಾನ ಬಿಟ್ಟು ಬರ್ತೇನಿ."

ರಾಜಶ್ರೀ ತಲೆ ಎತ್ತಿದಳು. "ಉಡಿಗಿ ಹಾಕಬೇಕಲಾ ಮುತ್ಯಾ? ಅವ್ವನ ಉಡಿ ಆಗಂಗಿಲ್ಲೇನು?"

ಕಾವೇರಿ ಒಲೆಯೊಳಗಿನ ಕೊಳ್ಳಿಯನ್ನು ಹಿಂದಕ್ಕೆಳೆದಳು.

"ಸುಮ್ನ ಉಣ್ಣು," ಎಂದ ಸೋಮನಿಂಗ.

ಅಮವಾಸ್ಯೆ ಆಗಿ ಎಂಟು ದಿನಕ್ಕೆ ಮುದ್ದೇಬಿಹಾಳದ ಕಡೆಯ ಯಾಕೂಬಸಾಬ ಒಂದು ಸಣ್ಣ ಸಾಮಾನಿನ ಗಾಡಿ ಮಾಡಿಕೊಂಡು ಬಂದ. ಅವನ ತಂದೆ ಸೋಮನಿಂಗನ ಜೊತೆ ಹೊಲ ಹೊಲ ತಿರುಗಿದವನು. ಮಗನಿಗೆ ಈಗ ದಾಳಿಂಬೆ ತೋಟ. ನಾಯಿಯನ್ನು ಮಾರುವ ಪದ್ಧತಿ ಸೋಮನಿಂಗನ ಮನೆತನದಲ್ಲಿ ಇಲ್ಲ. ತೆಂಗಿನಕಾಯಿ, ಬೆಲ್ಲ ತಂದು, ಹೆಣ್ಣು ಒಯ್ದಂತೆ ಒಯ್ಯಬೇಕು. ಕೊಟ್ಟ ಹೆಣ್ಣನ್ನು ತಿರುಗಿ ಕೇಳುವಂತಿಲ್ಲ, ನಾಯಿಯದೂ ಹಾಗೆಯೇ.

ಯಾಕೂಬಸಾಬ ನೇರ ಬೇವಿನ ಮರದ ಕಡೆ ನಡೆದ. "ಕಾಕಾ, ಈ ಹುಲಿನ್ನ ಕೊಡ್ರಿ. ಓಟದ ಸ್ಪರ್ಧಾಕ್ಕ ಬಿಡ್ತೇನಿ. ನಿಮ್ಮ ಹೆಸರ ಹೇಳಸ್ತೇನಿ ಮೈಕಿನಾಗ."

ಸೋಮನಿಂಗ ಸರದಾರನ ಬೆನ್ನ ಮೇಲೆ ಕೈಯಿಟ್ಟ. ಆ ಬಿಳುಪು, ಆ ನಡು, ಆ ನಿಲುವು. ಹುಚ್ಚವ್ವನ ಮಂಚದ ಕೆಳಗೆ ಕೊನೆಯ ದಿನದತನಕ ಮಲಗುತ್ತಿದ್ದ ತಾಯಿನಾಯಿ ಥೇಟ್ ಹೀಗೇ ಇತ್ತು. ಹೆಂಡತಿ ಹೋದ ಎರಡೇ ತಿಂಗಳಿಗೆ ಅದೂ ಹೋಯಿತು. ಸರದಾರನನ್ನು ನೋಡಿದಾಗಲೆಲ್ಲ ಮಂಚವೂ ಇನ್ನೂ ಅಲ್ಲೇ ಇದ್ದಂತೆ ಅವನಿಗೆ ಅನಿಸುತ್ತಿತ್ತು. ನಾಯಿಯನ್ನು ಕಣ್ಣಿನಿಂದ ಆರಿಸಬಾರದೆಂದು ಊರಿಗೆಲ್ಲ ಹೇಳಿದವನು ತಾನೇ ಕಣ್ಣಿನಿಂದ ಆರಿಸಿದ.

"ಇದನ್ನ ಕೊಡಂಗಿಲ್ಲ ಯಾಕೂಬ. ಅದನ್ನ ಒಯ್ಯಿ."

ಯಾಕೂಬಸಾಬ ಗೋಣಿಯನ್ನು ನೋಡಿ ನಕ್ಕ. "ಚಿತ್ರ ಕರೆಕ್ಟ ಬರಲಿಲ್ಲಂತ ಯಾರೋ ಅಳಿಸಿ ಬಿಟ್ಟಂಗ ಐತಲ್ರಿ. ಇರಲಿ, ದಾಳಿಂಬ್ರಿ ಕಾಯಾಕ ಚಂದ ಯಾಕ ಬೇಕು."

ಗೋಣಿ ನಾಲ್ಕೂ ಕಾಲು ನೆಲಕ್ಕೂರಿ ಕುಳಿತಿತು. ಇಬ್ಬರು ಎತ್ತಿ ಹಾಕಬೇಕಾಯಿತು. ಗಾಡಿ ತಿರುಗುವಾಗ ಅದು ಅವನ ಕಡೆ ನೋಡಲಿಲ್ಲ, ಶಾಲೆಯ ಹಾದಿಯ ಕಡೆ ನೋಡುತ್ತಿತ್ತು.

ಮಧ್ಯಾಹ್ನ ಮೂರೂವರೆಗೆ ಕಾವೇರಿ ಬಂದಳು. ಸೆರಗಿನ ಗಂಟಿನಲ್ಲಿ ಏನೋ ಇತ್ತು. ಕೊಟ್ಟಿಗೆಯ ಗೂಟ ಬರಿದಾಗಿತ್ತು.

"ಗೋಣಿ ಎಲ್ಲೈತ್ರಿ?"

"ಯಾಕೂಬ ಬಂದಿದ್ದ. ಕೊಟ್ಟೆ."

ಅವಳು ಗಂಟು ಬಿಚ್ಚಿ ನಾಲ್ಕು ಕಡಕ್ ರೊಟ್ಟಿಯ ಚೂರುಗಳನ್ನು ಕೋಳಿಗೆ ಹಾಕಿದಳು. ಗೋಣಿಯ ಅಲ್ಯುಮಿನಿಯಮ್ ಬಟ್ಟಲನ್ನು ತಿಕ್ಕಿ ತೊಳೆದು ಗೂಟದ ಮೇಲೆ ಬೋರಲು ಹಾಕಿದಳು. ಅಂದು ಸಂಜೆ ಎಲ್ಲರಿಗೂ ನೀಡಿ, ತಲೆ ನೋಯುತ್ತಿದೆ ಎಂದು ತಾನು ಉಣ್ಣಲಿಲ್ಲ. ಆ ರೊಟ್ಟಿಯ ಚೂರು ಎಲ್ಲಿಂದ ಬಂದವೆಂದು ಸೋಮನಿಂಗ ಕೇಳಲಿಲ್ಲ.

ಸಂಕ್ರಾಂತಿಯ ಮರುದಿನದಿಂದ ಅವನು ಸರದಾರನನ್ನು ಕರೆದುಕೊಂಡು ನಸುಕಿಗೇ ಹೊಲಕ್ಕೆ ಹೋಗತೊಡಗಿದ. ಕುತ್ತಿಗೆಯ ಹಗ್ಗದ ಕುಣಿಕೆ ಹಿಡಿದು, ಗಾಳಿಗೆ ಎದುರಾಗಿ, ಬದುವಿನ ಮೇಲೆ ಮೆಲ್ಲಗೆ. ಕಡಲೆಯ ಸಾಲಿನಲ್ಲಿ ಮೊಲ ಮೇಯ್ದ ಗುರುತಿತ್ತು. ಮೊದಲ ದಿನ ಒಂದು ಮೊಲ ಕಾಲಡಿಯಿಂದಲೇ ಎದ್ದಿತು. ಕುಣಿಕೆ ಬಿಟ್ಟ. ಸರದಾರನ ಓಟವನ್ನು ನೋಡಿ ಮುದುಕನ ಕಣ್ಣು ತುಂಬಿತು. ನೆಲಕ್ಕೆ ಕಾಲು ತಾಗುತ್ತದೋ ಇಲ್ಲವೋ ಎಂಬಂತೆ ಓಡಿದ. ಮೊಲ ಹಳ್ಳದ ಜಾಲಿ ಹೊಕ್ಕಿತು. ಸರದಾರ ಹೊರಗೆ ಕಂಬವಾದ.

ಎರಡನೆಯ ಸಲ ತೊಗರಿಯ ಕೂಳೆ ಚುಚ್ಚಿ ಅಂಗಾಲು ಹರಿಯಿತು. ಎಂಟು ದಿನ ಅರಿಷಿಣ ಎಣ್ಣೆ ಕಟ್ಟಿ, ಮನೆಯಲ್ಲೇ ಕೂಡಿಸಿದ. ಆ ಎಂಟು ದಿನ ಮನೆಯಲ್ಲಿ ಕಾವೇರಿ ಅವನೊಡನೆ ಆಡಿದ ಮಾತು ಎರಡೇ: "ಉಣ್ಣಾಕ ಬರ್ರಿ", "ನೀರ ಕಾದಾವು".

ಮೂರನೆಯ ಸಲ ಮೊಲ ಬಯಲಿಗೇ ಬಿತ್ತು. ಸರದಾರ ಇನ್ನೂರು ಹೆಜ್ಜೆಯಲ್ಲಿ ಅದನ್ನು ಮುಟ್ಟಿದ, ಎತ್ತಿದ, ಒಮ್ಮೆ ಕೊಡವಿದ. ಸೋಮನಿಂಗ ಓಡಿ ಹೋಗಿ ಬಾಯಿ ಬಿಡಿಸುವಷ್ಟರಲ್ಲಿ ಮೊಲದ ಬೆನ್ನು ಮುರಿದಿತ್ತು. ಬಿಸಿ ಇತ್ತು, ಜೀವ ಇರಲಿಲ್ಲ. ನಾಯಿ ಮೆಚ್ಚುಗೆಗಾಗಿ ಅವನ ಮುಖವನ್ನೇ ನೋಡುತ್ತಿತ್ತು. ಅದರದೇನು ತಪ್ಪು? ಅವನು ಬದುವಿನಲ್ಲಿ ಕೈಯಿಂದಲೇ ಗುಂಡಿ ತೋಡಿ ಹುಗಿದ; ಎಂಟು ವರ್ಷದ ಆಣೆಯನ್ನೂ ಅದರ ಜೊತೆಗೇ ಹುಗಿದಂತಾಯಿತು.

ಯಾರಿಗೂ ಹೇಳಬಾರದೆಂದುಕೊಂಡಿದ್ದ. ಆದರೆ ಅಂಗಿಯ ಮೇಲೆ ರಕ್ತವಿತ್ತು, ಅಂಗಿ ಒಗೆಯುವವಳು ಕಾವೇರಿ.

ಸಂಜೆ ಕಾಂತು ಕೂಗಾಡಿದ. "ನಾ ಹೇಳಿದ್ದಿಲ್ಲೇನ ಯಪ್ಪಾ? ನಾಳೆ ಯಾರರೆ ಬಂದ್ರ ಏನ ಹೇಳಲಿ? ದೇವರು ನೋಡ್ಯಾನ ಅಂತ ಹೇಳಲೇನು?"

"ಕೂಗಬ್ಯಾಡೋ. ನನಗ ಗೊತ್ತೈತಿ ನಾ ಮಾಡಿದ್ದು." ಸೋಮನಿಂಗ ತಾಟಿನ ಮುಂದೆ ಕುಳಿತೇ ಇದ್ದ, ಮುಟ್ಟಿರಲಿಲ್ಲ. "ಆಕಿ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ. ಯಾವುದು ಇಡಬೇಕಂತ ಒಂದ ಮಾತು ಹೇಳಿ ಹೋಗಲಿಲ್ಲ ಆಕಿ. ಒಂದ ಮಾತು."

"ಹೇಳ್ಯಾಳ, ಮುತ್ಯಾ," ಎಂದಳು ರಾಜಶ್ರೀ. "ಆಯಿ ಅವ್ವಗ ಹೇಳ್ಯಾಳ."

"ರಾಜೂ, ಸುಮ್ನಿರು," ಎಂದಳು ಕಾವೇರಿ.

"ಯಾಕ ಸುಮ್ನಿರಲಿ? ನೀನೂ ಸುಮ್ನ, ಮುತ್ಯಾನೂ ಸುಮ್ನ. ಗೋಣಿ ಬಾಯಾಗ ರೊಟ್ಟಿ ಒಡೀತಿರಲಿಲ್ಲ. ನಾ ನೋಡೇನಿ."

ಸೋಮನಿಂಗ ಸೊಸೆಯ ಕಡೆ ತಿರುಗಿದ. "ಖರೇ ಏನವಾ?"

ಕಾವೇರಿ ಕೈ ಒರೆಸಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿ ಕುಳಿತಳು. "ಖರೇರಿ. ಹಾಸಿಗ್ಯಾಗ ಇದ್ದಾಗ ಅತ್ಯಾರು ಎರಡೂ ಮರಿನ್ನ ತರಿಸಿದ್ರು. ಸರದಾರ ನುಂಗ್ತು. ಗೋಣಿ ರೊಟ್ಟಿ ಒಯ್ದು ಅವರ ಕೈಯಾಗ ಇಟ್ಟಿತು. ಇದನ್ನ ಇಟ್ಕೊ ಅಂದ್ರು ನನಗ."

"ಮತ್ತ ಯಾಕ ಹೇಳಲಿಲ್ಲ ನೀ?"

"ನೀವು ಕೇಳಲಿಲ್ರಿ. ಒಂದ ವರ್ಷ ದೇವರನ್ನ ಕೇಳಿದ್ರಿ, ಫೋಟೋನ್ನ ಕೇಳಿದ್ರಿ. ನಾ ಇಲ್ಲೇ ಇದ್ದೆ."

ಸೋಮನಿಂಗ ನಿಧಾನವಾಗಿ ಕೇಳಿದ: "ಆಗ ಆಕಿ ಕೈಲೆ ರೊಟ್ಟಿ ಆಗ್ತಿತ್ತೇನು? ಏಳಾಕನ ಆಗ್ತಿದ್ದಿಲ್ಲ."

"ದೀಪಾವಳಿ ಆದ ಮ್ಯಾಲೆ ಅವರ ಕೈ ನಡಗತಿದ್ವುರಿ. ಬಡದದ್ದೆಲ್ಲಾ ಹರೀತಿತ್ತು. ಮೂರ ತಿಂಗಳು ನಾನ ಬಡದೇನಿ. ಒಲಿ ಮುಂದ ಅವರು ಕುಂದರತಿದ್ರು, ಆಮ್ಯಾಲೆ ಹಾಸಿಗ್ಯಾಗಿಂದ ನೀಡ್ತಿದ್ರು. ನೀವು ಉಂಡು, ಅತ್ಯಾರಿಗೆ, ನಿನ್ನ ಕೈ ರೊಟ್ಟಿ ಇದ್ರ ಸಾಕು ಅಂತಿದ್ರಿ. ಅತ್ಯಾರು ನನ್ನ ಕಡೆ ನೋಡಿ ನಗತಿದ್ರು. ಅವರಿಗೆ ಹೇಳಬ್ಯಾಡವಾ, ಉಣ್ಣೂದ ಬಿಡ್ತಾರ ಅಂದ್ರು. ನಾ ಹೇಳಲಿಲ್ಲ." ಅವಳ ದನಿ ಏರಲಿಲ್ಲ. "ಅವರು ಹೋದ ಮ್ಯಾಲೆ ದಿವಸದ ಊಟಕ್ಕ ಮಂದ್ಯಾಗ ಕುಂತು, ಆ ರೊಟ್ಟಿ ಇವತ್ತಿಗೆ ಮುಗೀತು ಅಂದ್ರಿ. ಮುಗೀಲಿ ಅಂತ ನಾನೂ ಬಿಟ್ಟೇನಿ. ಗೋಣಿಗಷ್ಟ ವಾರಕ್ಕ ಒಂದೆರಡು ಮಾಡ್ತಿದ್ದೆ, ಸಾಲಿ ಒಲಿ ಮ್ಯಾಲೆ."

ಸೋಮನಿಂಗ ತಾಟಿನಲ್ಲಿದ್ದ ಮೆತ್ತನೆಯ ರೊಟ್ಟಿಯನ್ನು ನೋಡಿದ. ಮುರಿದು ತಿಂದ. ತಿನ್ನುವಾಗ ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ ಚೀಲಕ್ಕೆ ಹಾಕಿಕೊಂಡು, ಸರದಾರನ ಹಗ್ಗ ಹಿಡಿದು ರಸ್ತೆಗೆ ಬಂದ. ಬಸ್ಸಿನ ಕಂಡಕ್ಟರು, "ಅಜ್ಜಾ, ನೀ ಹತ್ತು, ನಿನ್ನ ದೋಸ್ತಗ ಸೀಟಿಲ್ಲ" ಎಂದ. ಸಿಂದಗಿಯತನಕ ಒಂದು ಟ್ರ್ಯಾಕ್ಟರು, ಅಲ್ಲಿಂದ ಉಳ್ಳಾಗಡ್ಡಿಯ ಚೀಲ ಹೇರಿದ ಗಾಡಿ. ಬಸವನ ಬಾಗೇವಾಡಿಯಲ್ಲಿ ಗಾಡಿ ನಿಂತಾಗ ಇಳಿಯದೆ ಅಲ್ಲಿಂದಲೇ ಗುಡಿಯ ದಿಕ್ಕಿಗೆ ಕೈ ಮುಗಿದ. ಈ ಸಲ ಏನನ್ನೂ ಕೇಳಲಿಲ್ಲ. ಸರದಾರ ಚೀಲಗಳ ಮೇಲೆ ಅವನ ತೊಡೆಗೆ ತಲೆಯಿಟ್ಟು ಮಲಗಿತ್ತು. ಅದರ ಬಿಳಿಯ ನೆತ್ತಿಯನ್ನು ಮುದ್ದೇಬಿಹಾಳ ಬರುವತನಕ ಸವರುತ್ತಲೇ ಇದ್ದ.

ತೋಟದ ಮನೆಯಲ್ಲಿ ಯಾಕೂಬಸಾಬನ ಹೆಂಡತಿ ಶಮಶಾದಬಿ ಚಹಾ ಕೊಟ್ಟಳು. ಗೋಣಿ ಹಿತ್ತಲಿನಲ್ಲಿ ಕಟ್ಟಿಲ್ಲದೆ ಅಡ್ಡಾಡುತ್ತಿತ್ತು. ಅವನನ್ನು ನೋಡಿ ಬಾಲ ಅಲ್ಲಾಡಿಸಿತು, ಹತ್ತಿರ ಬಂದು ಅವನ ಹಿಂದೆ ಇನ್ನಾರಾದರೂ ಬಂದಿದ್ದಾರೋ ಎಂದು ನೋಡಿತು.

"ಭಾಳ ಶಾಣ್ಯಾ ನಾಯಿರಿ ಕಾಕಾ," ಎಂದಳು ಶಮಶಾದಬಿ. "ನಮ್ಮ ಕೋಳಿ ಬಣವಿ ಸಂದ್ಯಾಗ ತತ್ತಿ ಇಡ್ತಾವು. ಇದು ಒಂದೊಂದ ಬಾಯಾಗ ಹಿಡ್ಕೊಂಡು ತಂದು ಹೊಸ್ತಲದಾಗ ಇಡ್ತೈತಿ. ಇಲ್ಲೀತನಕ ಒಂದೂ ಒಡದಿಲ್ಲ."

ಸೋಮನಿಂಗ ಚಹಾದ ಕಪ್ಪು ಕೆಳಗಿಟ್ಟ. ಚೀಲದಿಂದ ಕಾಯಿ ಬೆಲ್ಲ ತೆಗೆದು ಅವಳ ಮುಂದೆ ಇಟ್ಟ. "ತಂಗಿ, ಕೊಟ್ಟದ್ದು ಕೇಳಬಾರದು. ನನಗ ಗೊತ್ತೈತಿ. ಸರದಾರನ್ನ ತಂದೇನಿ, ಇಟ್ಕೊಳ್ರಿ. ಗೋಣಿನ್ನ ತಿರುಗಿ ಕೊಡ್ರಿ."

ಯಾಕೂಬಸಾಬ ಆಗಲೇ ಸರದಾರನ ಹಗ್ಗ ಹಿಡಿದಾಗಿತ್ತು. "ನಾ ಮೊದಲ ಇದನ್ನ ಕೇಳಿದ್ದಲ್ರಿ ಕಾಕಾ! ಒಯ್ರಿ, ಒಯ್ರಿ."

"ನೀವು ಸುಮ್ನಿರ್ರಿ," ಎಂದು ಗಂಡನನ್ನು ತಡೆದಳು ಶಮಶಾದಬಿ. "ನಿಮಗ ಓಡೂ ನಾಯಿ ಬೇಕು. ತತ್ತಿ ತರೂ ನಾಯಿ ನನಗ ಬೇಕು. ಯಾಕ್ರಿ ಕಾಕಾ, ನಮ್ಮ ಮನ್ಯಾಗ ಏನ ಕಮ್ಮಿ ಮಾಡೇವು ಅದಕ್ಕ?"

"ಕಮ್ಮಿ ಮಾಡಿಲ್ಲವಾ." ಅವನಿಗೆ ಮಾತು ಕಷ್ಟವಾಯಿತು. "ಅದು ನನ್ನ ನಾಯಿ ಅಲ್ಲ. ನನ್ನ ಸೊಸಿದು. ಆಕಿ ಅತ್ತಿ ಆಕಿಗೆ ಕೊಟ್ಟಿದ್ಲು. ನಾ ಕೇಳದ ಕೊಟ್ಟುಬಿಟ್ಟೇನಿ."

ಶಮಶಾದಬಿ ಮುದುಕನ ಮುಖ ನೋಡಿದಳು. ಎದ್ದು ಒಳಗೆ ಹೋಗಿ, ಕಾಗದದಲ್ಲಿ ಸುತ್ತಿದ ನಾಲ್ಕು ತತ್ತಿ ತಂದು ಅವನ ಚೀಲದಲ್ಲಿಟ್ಟಳು. "ಹಂಗಂದ್ರ ಒಯ್ರಿ. ಸೊಸಿಗೆ ಸಲಾಂ ಹೇಳ್ರಿ. ಮತ್ತ ಕೇಳದ ಯಾರಿಗೂ ಕೊಡಬ್ಯಾಡ್ರಿ."

ಸರದಾರ ಅವನು ಹೊರಟ ಹಾದಿಗೆ ಹಗ್ಗ ಜಗ್ಗಿ ನಿಂತಿತು. ಸೋಮನಿಂಗ ತಿರುಗಿ ನೋಡದೆ ನಡೆದ. ತಿರುಗಿದ್ದರೆ ಎರಡನ್ನೂ ಕರೆದುಕೊಂಡು ಬರುತ್ತಿದ್ದ.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಬದುವಿನ ತಿರುವಿನಲ್ಲೇ ಗೋಣಿ ಅವನ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿತು. ಒಳಗಿನಿಂದ ಬಟ್ಟಲು ಬಿದ್ದ ಸಪ್ಪಳ, ರಾಜಶ್ರೀಯ ಕೂಗು, ಆಮೇಲೆ ಕಾವೇರಿಯ ನಗೆ. ಆ ಮನೆಯಲ್ಲಿ ಆ ನಗೆ ಕೇಳಿ ವರ್ಷವಾಗಿತ್ತು. ಅವನು ತತ್ತಿಯ ಚೀಲ ಹಿಡಿದು ಅಂಗಳದಲ್ಲಿ ಕೆಲ ಹೊತ್ತು ಹಾಗೇ ನಿಂತ. ಒಳಗೆ ಹೋದರೆ ನಗೆ ನಿಂತೀತು ಎಂದು ಅವನಿಗೆ ಅನಿಸಿತು.

ಭಾರತ ಹುಣ್ಣಿಮೆಯ ಮರುದಿನ. ವರ್ಷದ ಪೂಜೆಗೆ ಇನ್ನೆರಡೇ ದಿನ. ಕಾವೇರಿ ಮೂರು ದಿನದ ರಜೆ ಹಾಕಿದ್ದಳು. ಕಾಂತು ಕೆಲಸಕ್ಕೆ, ರಾಜಶ್ರೀ ಶಾಲೆಗೆ ಹೋಗಿ ಆಗಿತ್ತು. ಸೋಮನಿಂಗ ಗೋಣಿಯನ್ನು ಕರೆದುಕೊಂಡು ಕಡಲೆಯ ಹೊಲಕ್ಕೆ ಹೋದ.

ಗೋಣಿಯ ಕೆಲಸದಲ್ಲಿ ನೋಡುವಂಥ ಚಂದವೇನೂ ಇರಲಿಲ್ಲ. ಮೂಗು ನೆಲಕ್ಕಿಟ್ಟು ಸಾಲು ಸಾಲು ತಿರುಗಿತು. ಹಳ್ಳದ ಜಾಲಿಯೊಳಗೆ ನುಸುಳಿತು, ಒರಟು ಕೂದಲಿಗೆ ಮುಳ್ಳು ತಾಗಲಿಲ್ಲ. ಮೊಲ ಆಚೆಯಿಂದ ಎದ್ದು ಬಯಲಿಗೆ ಬಿತ್ತು. ಗೋಣಿ ಅದರ ಬೆನ್ನು ಹತ್ತಿ ಓಡಲೇ ಇಲ್ಲ. ಮೊಲ ಎಷ್ಟು ದೂರ ಓಡಿದರೂ ಸುತ್ತು ಹಾಕಿ ಎದ್ದ ಜಾಗದ ಕಡೆಗೇ ಬರುತ್ತದೆ. ಅದು ಗೊತ್ತಿದ್ದಂತೆ ಬದು ಒಡೆದ ಸಂದಿಯಲ್ಲಿ ಹೊಟ್ಟೆ ನೆಲಕ್ಕೊತ್ತಿ ಮಲಗಿತು. ಮೊಲ ಬಂದಿತು. ಧೂಳೆದ್ದಿತು. ಗೋಣಿ ಎದ್ದು ನಿಂತಾಗ ಮೊಲ ಅದರ ಬಾಯಲ್ಲಿ ಅಡ್ಡಲಾಗಿ ಇತ್ತು, ಕಿವಿ ಅಲುಗುತ್ತಿತ್ತು.

ಸೋಮನಿಂಗ ಮೊಣಕಾಲೂರಿ, ಹೆಗಲ ಟಾವೆಲ್ಲು ಹಾಸಿ, ಎರಡೂ ಕೈ ಚಾಚಿದ. "ಬಾ, ನನ್ನವ್ವಾ, ತಾ ಇಲ್ಲಿ."

ಗೋಣಿ ಅವನ ಹತ್ತಿರದವರೆಗೆ ಬಂದು, ಅವನನ್ನು ಸುತ್ತಿ ದಾಟಿ, ಬದು ಹಿಡಿದು ಮನೆಯ ಕಡೆ ಹೊರಟಿತು.

ಅವನು ಹಿಂದೆ ಹಿಂದೆ ಏದುತ್ತ ಬಂದ. ಹೊರಗಿನ ಒಲೆಯ ಮುಂದೆ ಕಾವೇರಿ ಕಾಲು ಚಾಚಿ ಕುಳಿತು ಪೂಜೆಗೆ ರೊಟ್ಟಿ ಬಡಿಯುತ್ತಿದ್ದಳು. ಗೋಣಿ ಮೊಲವನ್ನು ಅವಳ ಮಡಿಲಲ್ಲಿ ಇಟ್ಟು ಹಿಂದೆ ಸರಿದು ಕುಳಿತಾಗಿತ್ತು. ಕಾವೇರಿಯ ಹಿಟ್ಟಿನ ಕೈ ಮೊಲದ ಮೈಮೇಲೆ ಬಿಳಿಯಾಗಿ ಮೂಡಿತ್ತು. ಅವಳು ಮಾವನನ್ನು ನೋಡಿದಳು.

ಸೋಮನಿಂಗ ಒಳಗೆ ಹೋಗಿ, ಫೋಟೋದ ಕೆಳಗಿನ ಅರಿಷಿಣದ ಬಟ್ಟಲನ್ನು ತೆಗೆದುಕೊಂಡು ಬಂದು ಅವಳ ಪಕ್ಕದಲ್ಲಿಟ್ಟ. "ಹಚ್ಚವಾ," ಎಂದ.

ಅವಳು ಹಚ್ಚಿದಳು. ಸೆರಗನ್ನು ಉಡಿ ಕಟ್ಟಿ ಮೊಲವನ್ನು ಅದರೊಳಗೆ ಹಿಡಿದು ಎದ್ದಳು.

"ಎಲ್ಲಿ ಬಿಡಬೇಕಂತ ಗೊತ್ತೈತೇನು?"

"ಅತ್ಯಾರು ಹೇಳ್ಯಾರ್ರಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ಮಾವಾ, ಹಂಚಿನ ಮ್ಯಾಲಿಂದು ಹೊತ್ತೀತು, ನೋಡ್ರಿ."

ಅವಳ ಹಿಂದೆ ಗೋಣಿ ಹೊರಟಿತು. ನಲವತ್ತೈದು ವರ್ಷ ಹುಚ್ಚವ್ವ ಎಲ್ಲಿಗೆ ಹೋಗಿ ಬರುತ್ತಿದ್ದಳೆಂದು ಅವನು ಕೇಳಿರಲಿಲ್ಲ, ಕೇಳುವ ಪದ್ಧತಿಯೂ ಇರಲಿಲ್ಲ. ಈಗ ಕೇಳಿದರೆ ಹೇಳುವವಳು ಇದ್ದಾಳೆ, ಆದರೂ ಕೇಳುವಂತಿಲ್ಲ. ಅವನು ಹಳ್ಳದ ಕಡೆಗೆ ಬೆನ್ನು ಮಾಡಿ ಒಲೆಯ ಮುಂದೆ ಕುಳಿತ.

ಹಂಚಿನ ಮೇಲೆ ರೊಟ್ಟಿ ಅಂಚು ಎತ್ತುತ್ತಿತ್ತು. ಬೆರಳಿನಿಂದಲೇ ತಿರುವಿ ಹಾಕಿದ, ಬೆರಳು ಸುಟ್ಟಿತು. ಬೆಂದ ಮೇಲೆ ತೆಗೆದು, ಅವಳು ಮಾಡುತ್ತಿದ್ದ ಹಾಗೆ ಒಲೆಯ ಅಂಚಿಗೆ ಒರಗಿಸಿ ಒಣಗಲು ಬಿಟ್ಟ. ಅವಳು ಎಂದರೆ ಯಾರು ಎಂದು ಅವನ ಮನಸ್ಸು ಒಂದು ಗಳಿಗೆ ತಡವರಿಸಿತು. ಸುತ್ತ ಯಾರೂ ಇರಲಿಲ್ಲ. ಬೇವಿನ ಮರದ ಬುಡ ಬರಿದಾಗಿತ್ತು.

ರೊಟ್ಟಿ ಕಡಕ್ಕಾದ ಮೇಲೆ ಎತ್ತಿ ಬಿಸಿಲಿಗೆ ಹಿಡಿದ. ಆಚೆಯ ಬೆರಳು ಕಂಡವು. ಹಸಿವಾಗಿತ್ತು, ಮುರಿಯಲಿಲ್ಲ. ಎರಡೂ ಅಂಗೈಯ ಮೇಲೆ ಹಿಡಿದು ಬುಟ್ಟಿಯಲ್ಲಿ ಮೆಲ್ಲಗೆ ಇಟ್ಟ.